ಗೋಣಿ ಅಜ್ಜನವರು ಹೊಲಿದ ಉಸುಕಿನ ಚೀಲ

ಕೊಡಲಿಹಾಳದ ಮಠದಲ್ಲಿ ಬೆಳ್ಳಿಯ ಪಾದುಕೆ ಇದ್ದವು, ಜಿಂಕೆಚರ್ಮ ಹಾಸಿದ ಮಂಚ ಇತ್ತು, ಗಾಳಿ ಬೀಸಲು ಚವರಿ ಇತ್ತು. ಪೂಜ್ಯ ಶ್ರೀ ಗೋಣಿ ಅಜ್ಜನವರು ಮಾತ್ರ ಅವುಗಳ ಹತ್ತಿರ ಇರುತ್ತಿರಲಿಲ್ಲ. ಅವರು ಕೂರುತ್ತಿದ್ದದ್ದು ಮಠದ ಹಿಂದಿನ ಗರಡಿಮನೆಯ ಗೋಡೆಗೆ ಆನಿಸಿ ಕಟ್ಟಿದ ತಗಡಿನ ಚಪ್ಪರದ ಕೆಳಗೆ. ಮೈಮೇಲೆ ಗೋಣಿತಟ್ಟು, ಕೆಳಗೆ ಗೋಣಿತಟ್ಟು, ಕೈಯಲ್ಲಿ ದಬ್ಬಣ. ಸಂತೆಯ ವ್ಯಾಪಾರಸ್ಥರು ಹರಿದ ಚೀಲಗಳನ್ನು ತಂದು ರಾಶಿ ಹಾಕುವರು. ಅಜ್ಜನವರು ದಿನವಿಡೀ ಹೊಲಿಯುವರು. ಬದಲಿಗೆ ಬಂದ ಜೋಳ ದಾಸೋಹದ ಗಡಿಗೆಗೆ ಹೋಗುವುದು. ದೂರದ ಊರಿನಿಂದ ದರ್ಶನಕ್ಕೆ ಬಂದವರು ಇವರನ್ನೇ, "ಏ ಮುದುಕಾ, ಸ್ವಾಮಿಗಳು ಎಲ್ಲದಾರ?" ಎಂದು ಕೇಳುತ್ತಿದ್ದರಂತೆ. ಅಜ್ಜನವರು ತಲೆ ಎತ್ತದೆ ದಬ್ಬಣದಿಂದಲೇ ಮಠದ ಕಡೆ ತೋರಿಸುವರು. ಬಂದವರು ಖಾಲಿ ಮಂಚಕ್ಕೆ ಅಡ್ಡಬಿದ್ದು, ಕಾಯಿ ಒಡೆದು, ಜನ್ಮ ಪಾವನವಾಯಿತೆಂದು ಸಂತೋಷದಿಂದ ಊರಿಗೆ ಹೋಗುವರು.

ಆ ಗರಡಿಯ ವಸ್ತಾದರು ಖಾಜೇಸಾಬರು. ಅವರ ಹತ್ತಿರ ಕಲಿಯಲು ಬಂದವನಿಗೆ ಮೊದಲ ದಿನವೇ ಒಂದು ಗೋಣಿಚೀಲ ಸಿಗುತ್ತಿತ್ತು. ಹಳ್ಳದ ಉಸುಕನ್ನು ಎಲ್ಲರಿಗೂ ಒಂದೇ ಬುಟ್ಟಿಯಲ್ಲಿ ಅಳೆದು ತುಂಬುವರು. ಅದನ್ನು ದಿನಾ ಹೆಗಲಿಗೆ ಎತ್ತಬೇಕು. ಸೋಮವಾರ ಬಂತೆಂದರೆ ಚೀಲದ ಬಾಯಿ ಬಿಚ್ಚಿ, ತನ್ನ ಕೈಯಾರೆ ಒಂದು ಹಿಡಿ ಉಸುಕು ಸೇರಿಸಿಕೊಳ್ಳಬೇಕು. ಅಜ್ಜನವರು ಸಾಲಾಗಿ ಬಂದು ಎಲ್ಲ ಬಾಯಿಗಳನ್ನೂ ಹೊಲಿದು, ವಿಭೂತಿ ಹಚ್ಚಿ ಹೋಗುವರು. ಹೀಗೆ ಹಿಡಿಹಿಡಿಯಾಗಿ ಚೀಲವೂ ಬೆಳೆಯಬೇಕು, ಹುಡುಗನೂ ಬೆಳೆಯಬೇಕು. ಒಬ್ಬನ ಚೀಲವನ್ನು ಇನ್ನೊಬ್ಬ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮತ್ತೊಬ್ಬ ಉಣ್ಣುವ ಗಂಗಾಳಕ್ಕೆ ಕೈಹಾಕಿದಂತೆ.

ದ್ಯಾಮಣ್ಣ, ಹುಚ್ಚೀರಪ್ಪ ಇಬ್ಬರೂ ಒಂದೇ ದಿನ ಗರಡಿ ಸೇರಿದವರು. ಒಂದೇ ಓಣಿ, ಒಂದೇ ವಯಸ್ಸು, ಒಂದೇ ಬುಟ್ಟಿಯ ಉಸುಕು. ಆದರೆ ಹುಚ್ಚೀರನ ಚೀಲ ಮೊದಲು ಹೆಗಲೇರಿತು. ದ್ಯಾಮಣ್ಣನದು ಹೊಕ್ಕಳದ ತನಕ ಬಂದು ಅಲ್ಲೇ ಮುಷ್ಕರ ಹೂಡಿತು.

"ಶಾಬಾಸ್ ಬೇಟಾ!" ಎಂದು ವಸ್ತಾದರು ಹುಚ್ಚೀರನ ಬೆನ್ನು ತಟ್ಟಿದರು. ಈ ಕಡೆ ತಿರುಗಿ, "ನೀ ಏನಪಾ, ಹಂಗ ತಬ್ಬಿಕೊಂಡು ನಿಂತೀ? ಅದರ ಕೂಡ ಲಗ್ನ ಆಗಾಂವೇನು?" ಎಂದರು.

ಗರಡಿಯೆಲ್ಲ ಬಿದ್ದುಬಿದ್ದು ನಕ್ಕಿತು. ದ್ಯಾಮಣ್ಣನೂ ಹಲ್ಲು ಕಿರಿದ. ಒಳಗೆ ಮಾತ್ರ ಮುಳ್ಳು ನಟ್ಟಿತು.

ಯಾಕೆಂದರೆ ಅವನಿಗೆ ಒಂದು ಆಸೆಯಿತ್ತು. ಶ್ರಾವಣದ ಕಡೇ ಸೋಮವಾರ ಮಠದ ನಂದಿಕೋಲು ಹೊರಡುತ್ತದೆ. ತುದಿಯಲ್ಲಿ ಹಿತ್ತಾಳೆಯ ಕಳಸ, ಮೈತುಂಬ ಗಂಟೆ. ಮನೆಯ ಮಾಡಿಗಿಂತ ಎತ್ತರದ ಕೋಲು. ಅದನ್ನು ತೊಗಲಿನ ನಡುಪಟ್ಟಿಯ ಮೇಲೆ ನಿಲ್ಲಿಸಿಕೊಂಡು, ನೆಲಕ್ಕೆ ತಾಗಿಸದೆ ಊರು ಸುತ್ತಬೇಕು. ಅಂದು ಬೆಳಗ್ಗೆ ಮಠದ ಗುಂಡುಕಲ್ಲನ್ನು ಹೆಗಲಿಗೇರಿಸಿದವನಿಗೇ ಕೋಲು. ದ್ಯಾಮಣ್ಣನ ಅಪ್ಪ ಬದುಕಿರುವವರೆಗೂ ಬೇರೆ ಯಾರೂ ಹೊತ್ತಿರಲಿಲ್ಲ. ಅಪ್ಪ ಹೋದ ಮೇಲೆ ಕೋಲು ಬೇರೆಯವರ ಪಾಲಾಗಿ, ಆ ನಡುಪಟ್ಟಿ ಮನೆಯ ಗೂಟಕ್ಕೆ ಬಿತ್ತು. ಅವ್ವ ಅದಕ್ಕೆ ಎಣ್ಣೆ ಸವರುತ್ತ, "ಈ ಸಲಾನೂ ಇದು ಗ್ವಾಡೀಗೇ ತೂಗಬೇಕೇನೋ ಮಗನ?" ಎನ್ನುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮೆತ್ತಗೆ ಕೇಳುತ್ತಿದ್ದಳು.

ಅಂದಿನಿಂದ ದ್ಯಾಮಣ್ಣನ ಕಣ್ಣು ಹುಚ್ಚೀರನ ಮೈಮೇಲೆ ಅಂಟಿತು. ಮಾಲೀಸಿನ ಹೊತ್ತಿಗೆ, "ಬಾ ದೋಸ್ತ, ನಾ ತಿಕ್ಕತೀನಿ" ಎಂದು ಮುಂದಾಗುವನು. ಎಣ್ಣೆ ತಿಕ್ಕುವ ನೆಪದಲ್ಲಿ ತೋಳಿನ ಸುತ್ತ ಎರಡೂ ಕೈ ಹಾಕಿ, ಬೆರಳ ತುದಿಗಳು ಕೂಡುತ್ತವೋ ಇಲ್ಲವೋ ಎಂದು ನೋಡುವನು. ಆಮೇಲೆ ಮರೆಗೆ ಹೋಗಿ ತನ್ನ ತೋಳನ್ನು ಹಿಡಿದು ನೋಡುವನು. ಆದರೆ ತನ್ನ ತೋಳಿಗೆ ತನ್ನ ಎರಡೂ ಕೈ ಹೇಗೆ ಹಾಕುವುದು? ಒಂದೇ ಕೈಯಲ್ಲಿ ಅಳೆದು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು. ಹುಚ್ಚೀರ ಉಣ್ಣುವುದಾದರೂ ಏನು? ಈ ಕುತೂಹಲ ತಡೆಯಲಾರದೆ ಒಂದು ದಿನ ಕುಡಗೋಲು ಕೇಳುವ ನೆಪ ಮಾಡಿಕೊಂಡು, ಸರಿಯಾಗಿ ಊಟದ ಹೊತ್ತಿಗೆ ಹುಚ್ಚೀರನ ಮನೆಗೆ ಹೋದ. ಬದಾಮಿ ಇಲ್ಲ, ಕೆನೆ ಇಲ್ಲ. ಅದೇ ರೊಟ್ಟಿ, ಅದೇ ಹುಳ್ಳಿ ಸಾರು. ಹುಚ್ಚೀರನ ಅವ್ವ, "ಬಾ ಯಪ್ಪಾ, ನೀನೂ ಕುಂದ್ರು" ಎಂದು ಬಡಿಸಿದಳು. ತನಿಖೆಗೆ ಹೋದವನು ಹೊಟ್ಟೆ ಬಿರಿಯುವಂತೆ ಉಂಡು, ಕುಡಗೋಲು ಮರೆತು ಬಂದ.

ಗುಟ್ಟು ಸಿಗದಿದ್ದಾಗ ಕೆಟ್ಟ ಬುದ್ಧಿ ಹೊಕ್ಕಿತು. ಹುಚ್ಚೀರನ ಚೀಲ ಸಾಲಿನ ಕೊನೆಗೆ, ಹುಡುಗರು ಮೈತೊಳೆಯುವ ಕಲ್ಲುದೋಣಿಯ ಪಕ್ಕದಲ್ಲಿತ್ತು. ಮಧ್ಯಾಹ್ನ ವಸ್ತಾದರು ಗೊರಕೆ ಹೊಡೆಯುವ ಹೊತ್ತಿಗೆ ದ್ಯಾಮಣ್ಣ ಬಂದು, ದೋಣಿಯಿಂದ ಒಂದು ತಂಬಿಗೆ ನೀರು ಮೊಗೆದು ಆ ಚೀಲದ ಮೇಲೆ ಸುರಿದ. ಒಣ ಉಸುಕು ಗಟಗಟ ಕುಡಿಯಿತು. ಪಾಪವೆನ್ನಿಸಲಿಲ್ಲ. ತಾನು ಮುಟ್ಟಿದ್ದು ತಂಬಿಗೆಯನ್ನು, ಚೀಲವನ್ನಲ್ಲವಲ್ಲ! ಮರುದಿನವೂ ಸುರಿದ. ಆಮೇಲೆ ಅದು ನಿತ್ಯಪೂಜೆಯೇ ಆಯಿತು. ಆ ಜಾಗವೆಲ್ಲ ಹೇಗೂ ಹಸಿ. ಹುಚ್ಚೀರನಿಗೆ ಅನುಮಾನ ಬರಲಿಲ್ಲ. ಪಾಪ, ಹಲ್ಲು ಕಚ್ಚಿ, ಕಣ್ಣು ಹೊರಗೆ ಬರುವಂತೆ ಮುಲುಗಿ ಎತ್ತುತ್ತಿದ್ದ.

ಇತ್ತ ದ್ಯಾಮಣ್ಣನ ಚೀಲ ದಿನದಿನಕ್ಕೆ ಹಗುರಾಗುತ್ತ ಬಂತು. ಹೊಕ್ಕಳ ದಾಟಿತು, ಎದೆ ದಾಟಿತು, ಕಡೆಗೆ ತಲೆದಿಂಬಿನಂತೆ ಹೆಗಲೇರಿತು. 'ಬಂತು ನೋಡು ಅಪ್ಪನ ರಟ್ಟೆ' ಎಂದು ಅವನು ಮೀಸೆಯಿಲ್ಲದ ಮೀಸೆ ತಿರುವಿಕೊಂಡ.

ಒಂದು ಸೋಮವಾರ ಚೀಲಗಳ ಬಾಯಿ ಹೊಲಿಯುತ್ತ ಬಂದ ಅಜ್ಜನವರು ಅವನ ಮುಂದೆ ನಿಂತರು. "ತಮ್ಮಾ, ನಿನ್ನ ಚೀಲದ ಬುಡ ನೋಡು" ಎಂದರು.

"ನಂದು ಭೇಷ್ ಐತ್ರಿ ಅಜ್ಜಾರ. ಅವಂದು ನೋಡ್ರಿ, ಹೊಲಿಗಿ ಬಿಚ್ಚಾಕತ್ತೈತಿ!"

ನಿಜವೇ. ಹುಚ್ಚೀರನ ಗೋಣಿ ನೆನೆನೆನೆದು ಕೊಳೆಯುತ್ತಿತ್ತು. ಅಜ್ಜನವರು ಅದಕ್ಕೆ ತೇಪೆ ಹಾಕಿದರು.

ಆದರೆ ಒಂದು ವಿಷಯ ದ್ಯಾಮಣ್ಣನಿಗೆ ಒಡೆಯದ ಒಗಟಾಯಿತು. ಸುಲಭವಾಗಿ ಚೀಲ ಎತ್ತುವವನು ತಾನು, ಮುಲುಗುವವನು ಅವನು. ಹಾಗಿದ್ದ ಮೇಲೆ ತೋಳು ದಪ್ಪವಾಗಬೇಕಾದದ್ದು ಯಾರದು? ಮಾಲೀಸಿನಲ್ಲಿ ನೋಡಿದರೆ, ಹುಚ್ಚೀರನ ತೋಳಿನ ಸುತ್ತ ಬೆರಳು ಕೂಡುವ ಮಾತೇ ಇಲ್ಲ. ಕೆಮ್ಮಣ್ಣಿನ ಕಣದಲ್ಲಿ ಕುಸ್ತಿ ಹಿಡಿದರೆ ಅವನು ಬೇವಿನ ಬೊಡ್ಡೆ. ತಾನು ಅದಕ್ಕೆ ಸುತ್ತಿದ ಬಳ್ಳಿ. ಇದೆಂಥಾ ಲೆಕ್ಕ?

ಆಗ ಅವನ ಕಣ್ಣಿಗೆ ಬಿತ್ತು: ಹುಚ್ಚೀರ ದಿನಾ ಸಂಜೆ ಅಜ್ಜನವರ ಚಪ್ಪರಕ್ಕೆ ಹೋಗಿ ತಲೆ ಬಗ್ಗಿಸಿ ಕೂರುತ್ತಿದ್ದ. ಅಜ್ಜನವರು ಬೆನ್ನಮೇಲೆ ಕೈಯಿಟ್ಟು ಏನೋ ಒಂದು ಮಾತು ಹೇಳುತ್ತಿದ್ದರು. ಒಂದೇ ಮಾತು. ಸಿಕ್ಕಿತು ಗುಟ್ಟು! ಮಂತ್ರ!

ಕಡೇ ಸೋಮವಾರದ ಹಿಂದಿನ ದಿನ ಮಧ್ಯಾಹ್ನ ದ್ಯಾಮಣ್ಣ ಚಪ್ಪರದ ಮುಂದೆ ಹೋಗಿ ನಿಂತ.

"ಅಜ್ಜಾರ, ಮಠಕ್ಕ ಎಲ್ಲಾರೂ ಒಂದೇ ಅಂತಾರ. ನೀವು ಮಾತ್ರ ಒಬ್ಬನಿಗೆ ಮಂತ್ರ ಕೊಡ್ತೀರಿ, ಒಬ್ಬನಿಗೆ ಇಲ್ಲ. ಇದು ಯಾವ ನ್ಯಾಯ್ರಿ?"

ಅಜ್ಜನವರು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದರು. ಪೋಣಿಸಿ ಮುಗಿಸಿದರು. ಎದ್ದು ಗರಡಿಯೊಳಗೆ ಬಂದು ಹುಚ್ಚೀರನ ಚೀಲ ತೋರಿಸಿದರು. "ಎತ್ತು."

"ಮತ್ತೊಬ್ಬರದು ಮುಟ್ಟಬಾರದಲ್ರಿ ಅಜ್ಜಾರ..."

"ಇಷ್ಟು ದಿನ ಮುಟ್ಟಿಲ್ಲೇನು?"

ದ್ಯಾಮಣ್ಣ ಮೆಲ್ಲಗೆ ಮುಂದೆ ಬಂದ. ಬಗ್ಗಿ ಚೀಲವನ್ನು ತಬ್ಬಿದ. ಎಳೆದ. ಮೊಳಕಾಲಿಗೂ ಬರಲಿಲ್ಲ. ಇನ್ನೊಮ್ಮೆ ಉಸಿರು ಕಟ್ಟಿ ಎಳೆದ. ಗೋಣಿ ಹಿಂಡಿದಂತಾಗಿ ತಣ್ಣಗಿನ ನೀರು ಅವನ ಕಾಲ್ಬೆರಳುಗಳ ಸಂದಿಯಲ್ಲಿ ಹರಿಯಿತು. ಆ ನೀರಿನ ಗುರುತು ಅವನಿಗಿಂತ ಚೆನ್ನಾಗಿ ಯಾರಿಗಿತ್ತು?

ಅಜ್ಜನವರ ಮುಖದಲ್ಲಿ ಸಿಟ್ಟಿರಲಿಲ್ಲ. "ವಾರಕ್ಕೊಂದು ಹಿಡಿ ಅವ ಹಾಕ್ಕೊಂಡ. ದಿನಕ್ಕೊಂದು ತಂಬಿಗಿ ನೀ ಹಾಕಿದಿ. ಅವನ ಖರೇ ವಸ್ತಾದ ನೀನಽ ತಮ್ಮಾ" ಎಂದರು.

ಆಮೇಲೆ ದ್ಯಾಮಣ್ಣನ ಸ್ವಂತ ಚೀಲವನ್ನು ತುಸು ಓರೆ ಮಾಡಿದರು. ಬುಡದ ಮೂಲೆಯಲ್ಲಿ ಇಲಿ ಕಡಿದ ತೂತು. ಅಲ್ಲಿಂದ ಗೋಡೆಯ ಬುಡಕ್ಕೆ ಉಸುಕು ಸಣ್ಣಗೆ ಸೋರಿ, ಇರುವೆಗಳು ಅದರ ಮೇಲೆ ದಾರಿಯನ್ನೇ ಮಾಡಿಕೊಂಡಿದ್ದವು. ಚೀಲ ಮುಕ್ಕಾಲು ಖಾಲಿ. ಅಪ್ಪನ ರಟ್ಟೆ ಬಂದದ್ದಲ್ಲ; ಉಸುಕು ಹೋದದ್ದು. ಸೋಮವಾರ ಸೋಮವಾರ ಮೇಲಿಂದ ಒಂದು ಹಿಡಿ ಹಾಕುವಾಗಲೂ ಅವನು ನೋಡುತ್ತಿದ್ದದ್ದು ಹುಚ್ಚೀರನ ಹಿಡಿ ಎಷ್ಟು ದೊಡ್ಡದು ಎಂದು.

"ಎರಡೂ ಕಣ್ಣು ಅಲ್ಲಿಟ್ಟರ, ಇದನ್ನ ನೋಡಾಕ ಯಾವ ಕಣ್ಣು?" ಎಂದರು ಅಜ್ಜನವರು.

ದ್ಯಾಮಣ್ಣ ಅವರ ಕಾಲು ಹಿಡಿದ. ಹಿಡಿದೂ ಕುತೂಹಲ ಬಿಡಲಿಲ್ಲ. "ಮತ್ತ ಅವ ದಿನಾ ಸಂಜಿ ಬಂದು ಏನ್ ಕೇಳ್ತಾನ್ರಿ?"

"ಅವನನ್ನ ಕೇಳು."

ಹುಚ್ಚೀರ ಹೊರಗೆ ಬೇವಿನ ಕಟ್ಟೆಯ ಮೇಲೆ ತನ್ನ ಲಂಗೋಟಿ, ಎಣ್ಣೆ ಬಾಟಲಿ ಎಲ್ಲ ವಸ್ತ್ರದಲ್ಲಿ ಗಂಟು ಕಟ್ಟುತ್ತಿದ್ದ.

"ಎಲ್ಲಿಗಲೇ?"

"ಮನೀಗಿ. ಗರಡಿ ಸಾಕಪಾ. ನಾಳಿಗೆ ಗುಂಡ ಮುಟ್ಟಂಗಿಲ್ಲ ನಾ. ನೀನಽ ಎತ್ತು, ಕೋಲೂ ನೀನಽ ಹೊರು." ಹುಚ್ಚೀರನ ದನಿ ಒಡೆಯಿತು. "ನೀ ಚೀಲ ಎತ್ತೂದು ನೋಡಿದ್ರ ಹೂವ ಎತ್ತಿದಂಗ. ನಂದು ದಿನಾ ಜಡ ಆಗಾಕತ್ತೈತಿ. ನನ್ನ ಶಕ್ತಿ ಇಳಿಯಾಕತ್ತೈತೋ. ಅಜ್ಜಾರ ಮುಂದ ದಿನಾ ಇದನ್ನ ಹೇಳಿ ಅಳತೀನಿ. ಅವರು 'ಎತ್ತು' ಅಂತಾರ. ಅಷ್ಟ."

ಅದಾಗಿತ್ತು ಮಂತ್ರ. 'ಎತ್ತು.'

ದ್ಯಾಮಣ್ಣ ನಿಜ ಹೇಳದೆ ಮನೆಯ ದಾರಿ ಹಿಡಿದ. ಸುಮ್ಮನಿದ್ದರೆ ಸಾಕಿತ್ತು. ಈ ಸಲ ಊರಲ್ಲಿ ಇವರಿಬ್ಬರನ್ನು ಬಿಟ್ಟರೆ ಗುಂಡುಕಲ್ಲಿಗೆ ಕೈಹಾಕುವವರಿರಲಿಲ್ಲ. ಯಾರೂ ಎತ್ತದಿದ್ದರೆ, ಕಲ್ಲಿಗೆ ಕೈಯಿಟ್ಟವನು ಇವನೊಬ್ಬನೇ ಎಂದು, ಅಪ್ಪನ ಹೆಸರಿಗೆ ಕೋಲು ಮಗನ ಪಾಲಿಗೇ ಬರುತ್ತಿತ್ತು. ಮನೆಗೆ ಹೋದರೆ ಅವ್ವ ಆಗಲೇ ನಡುಪಟ್ಟಿಯನ್ನು ಗೂಟದಿಂದ ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದಳು.

ಸೋಮವಾರ ಬೆಳಗ್ಗೆ ಮಠದ ಅಂಗಳ ತುಂಬಿತು. ನಡುವೆ ಗುಂಡುಕಲ್ಲು. ವಸ್ತಾದರು ಹುಚ್ಚೀರನ ಹೆಸರು ಕೂಗಿದರು. ಅವನು ಹಿಂದೆಲ್ಲೋ ತಲೆಗೆ ವಸ್ತ್ರ ಹೊದ್ದು ಕೂತಿದ್ದ; ಏಳಲಿಲ್ಲ. ದ್ಯಾಮಣ್ಣನ ಹೆಸರು ಕೂಗಿದರು. ದ್ಯಾಮಣ್ಣ ಬಂದು ಕಲ್ಲಿನ ಮೇಲೆ ಎರಡೂ ಕೈ ಇಟ್ಟ. ಜನರ ನಡುವೆ ಅವ್ವ ಪಟ್ಟಿ ಹಿಡಿದು ನಿಂತಿದ್ದು ಕಾಣಿಸಿತು. ಕಲ್ಲು ತಣ್ಣಗಿತ್ತು; ಕಾಲ್ಬೆರಳ ಸಂದಿಯಲ್ಲಿ ಹರಿದ ಆ ನೀರಿನಷ್ಟೇ ತಣ್ಣಗೆ.

ಅವನು ಕೈ ತೆಗೆದ. ಸೀದಾ ಗರಡಿಗೆ ಓಡಿ, ತನ್ನ ಚೀಲವನ್ನು ಒಂದೇ ಕೈಯಲ್ಲಿ ತಂದು ಹುಚ್ಚೀರನ ಮಡಿಲಿಗೆ ಒಗೆದ. "ಎತ್ತಲೇ ಇದನ್ನ!"

ಹುಚ್ಚೀರ ಗಾಬರಿಯಿಂದ ಎತ್ತಿದ. ಚೀಲ ತಲೆಯ ಮೇಲೆ ಹೋಗಿ ನಿಂತಿತು. "ಇದೇನಲೇ, ಹತ್ತಿ ತುಂಬೀಯೇನು?"

"ಬುಡಕ್ಕ ತೂತು ಬಿದ್ದೈತಿ. ನಿಂದರಾಗ ನೀರು ತುಂಬೈತಿ. ದಿನಾ ತಂದು ಹಾಕಿದಾಂವ ನಾ."

ವಸ್ತಾದರ ಕೈ ಬಡಿಗೆಗೆ ಹೋಯಿತು. ಹುಚ್ಚೀರ ಮಾತ್ರ ಎರಡೂ ಕಣ್ಣು ಅಗಲಿಸಿ, "ಹಂಗಾರ... ನನ್ನ ಶಕ್ತಿ ಇಳದಿಲ್ಲಾ?" ಎಂದ.

"ಇಲ್ಲೋ ಮಾರಾಯಾ!"

ಹುಚ್ಚೀರ ಮೊದಲು ದ್ಯಾಮಣ್ಣನನ್ನು ತಬ್ಬಿಕೊಂಡ. ಆಮೇಲೆ ನೆನಪಾಗಿ ಬೆನ್ನಿಗೆ ಒಂದು ಗುದ್ದಿದ. ಆ ಗುದ್ದಿನಲ್ಲೇ ಊರಿಗೆ ಗೊತ್ತಾಯಿತು, ಶಕ್ತಿ ಎಲ್ಲೂ ಇಳಿದಿಲ್ಲವೆಂದು. ಹೋಗಿ ಗುಂಡುಕಲ್ಲಿಗೆ ಕೈಹಾಕಿದ. ಕಲ್ಲು ಮೊಳಕಾಲಿಗೆ, ತೊಡೆಗೆ, ಎದೆಗೆ ಬಂದು, ಹೆಗಲ ಮೇಲೆ ಕೂಸಿನಂತೆ ಕೂತಿತು. "ಹರ ಹರ!" ಎಂಬ ಕೂಗಿಗೆ ಮಠದ ಪಾರಿವಾಳಗಳೆಲ್ಲ ಎದ್ದವು.

ದ್ಯಾಮಣ್ಣ ಅವ್ವನ ಎದುರು ಹೋಗಿ ತಲೆತಗ್ಗಿಸಿ ಕೈಚಾಚಿದ. ಅವಳು ಮಗನ ಮುಖ ನೋಡಿದಳು, ಹುಚ್ಚೀರನನ್ನು ನೋಡಿದಳು. ಪಟ್ಟಿಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಮಗನ ಕೈಗಿಟ್ಟಳು. "ಗ್ವಾಡೀಗೆ ತೂಗೂದರ ತಪ್ಪಿತಲ್ಲ" ಎಂದಳು.

ಅಪ್ಪನ ಪಟ್ಟಿಯನ್ನು ದ್ಯಾಮಣ್ಣ ತಾನೇ ಹುಚ್ಚೀರನ ನಡುವಿಗೆ ಕಟ್ಟಿದ. ನಂದಿಕೋಲು ಎದ್ದಿತು, ಗಂಟೆಗಳು ನುಡಿದವು. ಆ ದಿನ ಪೂಜ್ಯ ಅಜ್ಜನವರು ಮೆರವಣಿಗೆಯ ಮುಂದೆ ಇರಲಿಲ್ಲ, ಮಂಚದ ಮೇಲೂ ಇರಲಿಲ್ಲ. ಅಂಗಳದ ನಡುವೆ, ದ್ಯಾಮಣ್ಣ ಬಿಟ್ಟುಹೋದ ಸೋರಿದ ಚೀಲದ ಮುಂದೆ ಕೂತು ಬುಡದ ತೂತು ಹೊಲಿಯುತ್ತಿದ್ದರು.

ಕೆರೆ ಓಣಿಯ ಇಳಿಜಾರಿನಲ್ಲಿ ಗಾಳಿ ಬೀಸಿ ಕೋಲು ಓಲಾಡಿತು. ದ್ಯಾಮಣ್ಣನ ಎರಡೂ ಕೈ ತಟ್ಟನೆ ಹುಚ್ಚೀರನ ತೋಳನ್ನು ಸುತ್ತಿದವು.

ಹುಚ್ಚೀರ ಕಳಸದಿಂದ ಕಣ್ಣು ತೆಗೆಯದೆ, ಏದುಸಿರಿನಲ್ಲೇ ಕೇಳಿದ: "ಇಲ್ಲೂ ಅಳೀತೀ ಏನಲೇ?"

"ಇಲ್ಲಪಾ," ಎಂದ ದ್ಯಾಮಣ್ಣ, "ಹಿಡಕೊಂಡೀನಿ."