ಪೂಜ್ಯರು ಒಪ್ಪದ ಜಯಘೋಷ

ಪೂಜ್ಯ ಅಡವಯ್ಯ ಸ್ವಾಮಿಗಳು ಮಲಪ್ರಭೆಯ ದಡದ ಒಂದು ಸಣ್ಣ ಮಠದಲ್ಲಿ ವಾಸವಾಗಿದ್ದರು. ಊರವರ ಬಾಯಲ್ಲಿ ಅವರು 'ಅಜ್ಜಾರು'. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಕೂರಲು ಒಂದು ಕಂಬಳಿ. ಅದಕ್ಕಿಂತ ಹೆಚ್ಚಿನದನ್ನು ಅವರು ಬಯಸಿದವರಲ್ಲ. ಶ್ರಾವಣದ ಸೋಮವಾರಗಳಂದು ಮಾತ್ರ ಮಠದ ಅಂಗಳದಲ್ಲಿ ದೊಡ್ಡ ದಾಸೋಹ ನಡೆಯುತ್ತಿತ್ತು. ಅದರ ಉಸ್ತುವಾರಿ ಊರಿನ ಸಿರಿವಂತ ರುದ್ರಗೌಡ ದೇಸಾಯರದು. ಹುಗ್ಗಿ ಮಾಡುವವರು ಸಂಗವ್ವನವರು.

ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ಮಾಡುವುದು ಸುಲಭದ ಕೆಲಸವಲ್ಲ. ಕಾಳು ಪೂರ್ತಿ ಬೇಯುವ ಮೊದಲೇ ಬೆಲ್ಲ ಹಾಕಿದರೆ ಅದು ಮತ್ತೆ ಬೇಯುವುದಿಲ್ಲ. ಬೆಲ್ಲ ಬಿದ್ದ ಮೇಲೆ ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ಕುದಿಯುವ ಹುಗ್ಗಿ ಸಿಡಿದು ಸಂಗವ್ವನವರ ಮುಂಗೈ ತುಂಬ ಬೊಬ್ಬೆಗಳಿದ್ದವು. ಉಂಡು ಕೈತೊಳೆದವರಲ್ಲಿ ಒಬ್ಬರೂ ಅಡಿಗೆಮನೆಯ ಕಡೆ ತಿರುಗಿ ನೋಡಿದವರಲ್ಲ. ಅಂಥವರನ್ನು ಭಕ್ತರೆಂದು ಬರೆಯಲು ನನಗೆ ಮನಸ್ಸು ಬಾರದು.

ಆ ವರ್ಷ ಮೊದಲ ಸೋಮವಾರ ಹುಗ್ಗಿ ತಳ ಹಿಡಿಯಿತು. ಸಂಗವ್ವನವರ ಜೊತೆ ಕೈಯಾಡಿಸುತ್ತಿದ್ದ ಹೆಂಗಸನ್ನು ಅತಿಥಿಗಳ ಉಪಚಾರಕ್ಕೆಂದು ಕರೆದೊಯ್ದವರು ದೇಸಾಯರೇ. ಆದರೂ ಅವರು ಪಂಕ್ತಿಯ ನಡುವೆ ನಿಂತು, "ಯಾಕಬೇ, ಒಲಿ ಮುಂದ ನಿದ್ದಿ ಹೊಡದ್ಯೇನು? ಅಜ್ಜಾರ ಮಾನ ಕಳದಿ" ಎಂದು ಸಂಗವ್ವನವರನ್ನು ಗದರಿದರು. ಉಣ್ಣುತ್ತಿದ್ದವರು ನಕ್ಕರು. ಸ್ವಾಮಿಗಳು ಆಗ ಒಳಗೆ ಪೂಜೆಯಲ್ಲಿದ್ದರು.

ಮರುವಾರ ಹುಗ್ಗಿ ಹದವಾಗಿತ್ತು. ಊಟ ಮುಗಿಯುತ್ತಲೇ ದೇಸಾಯರು ಎದ್ದು, "ಇದು ಹುಗ್ಗಿ ಅಲ್ಲ, ಅಜ್ಜಾರ ಕೃಪಾ!" ಎಂದು ಸ್ವಾಮಿಗಳಿಗೆ ಜಯಘೋಷ ಹಾಕಿದರು. ಪಂಕ್ತಿಯೆಲ್ಲ ದನಿಗೂಡಿಸಿತು.

ಸಂಗವ್ವನವರು ಅಡಿಗೆಮನೆಯಿಂದ ಹೊರಬಂದು ಸ್ವಾಮಿಗಳ ಎದುರು ನಿಂತರು.

"ಬ್ಯಾರೆ ಯಾರನ್ನರ ನೋಡ್ಕೊಳ್ರಿ, ಅಜ್ಜಾರ. ತಳ ಹಿಡದ್ರ ನಂದು, ಹದಾ ಆದ್ರ ನಿಮ್ದು. ಈ ಮಠಕ್ಕ ನಾ ಇನ್ನ ಬರಂಗಿಲ್ಲ."

"ಸೊಕ್ಕು ನೋಡ್ರಿ ಈಕೀದು," ಎಂದರು ದೇಸಾಯರು.

ಸ್ವಾಮಿಗಳು ಅವರನ್ನು ಕೈಸನ್ನೆಯಿಂದ ಸುಮ್ಮನಾಗಿಸಿ, ಹಿಂದಿನ ವಾರ ನಡೆದುದನ್ನೆಲ್ಲ ಸಂಗವ್ವನವರಿಂದ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಕೆಂಪೇರಿತು.

"ರುದ್ರಗೌಡಾ, ಹ್ವಾದ ಸೋಮಾರ ನನ್ನ ಕೃಪಾ ಎಲ್ಲಿ ಹೋಗಿತ್ತು?"

ದೇಸಾಯರು ಹೆಗಲ ಮೇಲಿನ ಶಲ್ಯ ಸರಿಪಡಿಸಿಕೊಂಡರು.

"ಆಕಿ ದುಡಿಮಿ ಕದ್ದು ನನ್ನ ಪಾದಕ್ಕ ಏರಸ್ತೀಯೇನು? ಕಳುವಿನ ಮಾಲು ನಾ ಮುಟ್ಟಂಗಿಲ್ಲ."

ದೇಸಾಯರು ಸಂಗವ್ವನವರತ್ತ ಅರ್ಧ ತಿರುಗಿ, "ಆತು ಬಿಡವಾ, ಚಲೋ ಆಗಿತ್ತು" ಎಂದರು.

"ಏನ ಚಲೋ ಆಗಿತ್ರಿ?"

ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದ ಮನುಷ್ಯನಿಗೆ ಒಂದು ಮಾತೂ ಹೊಳೆಯಲಿಲ್ಲ.

"ಕುಂಡ್ರು," ಎಂದರು ಸ್ವಾಮಿಗಳು. "ಉಂಡು ಹೇಳು."

ದೇಸಾಯರು ಎಲ್ಲರೆದುರು ಮತ್ತೆ ಎಲೆಯ ಮುಂದೆ ಕೂತರು. ಸಂಗವ್ವನವರೇ ಬಡಿಸಿದರು. ಈ ಸಲ ದೇಸಾಯರು ನಿಧಾನವಾಗಿ ಅಗಿದರು.

"ಕಾಳು ಮೆತ್ತಗ ಬೆಂದಾವು. ಆದ್ರೂ ಒಡದಿಲ್ಲ."

ಇನ್ನೊಂದು ತುತ್ತು ತಿಂದರು. "ಬೆಲ್ಲ ಹೊತ್ತಿಗೆ ಸರಿಯಾಗಿ ಬಿದ್ದೈತಿ. ಸೀದ ವಾಸನಿ ಎಲ್ಲೂ ಇಲ್ಲ."

ಮುಂದಿನ ತುತ್ತು ಬಾಯಿಗೆ ಹೋಗಲಿಲ್ಲ. ಬಡಿಸಿದ ಕೈಯ ಬೊಬ್ಬೆಗಳು ಅವರ ಕಣ್ಣಿಗೆ ಬಿದ್ದಿದ್ದವು. ಅವರು ಎದ್ದು, ಅಂದು ನಕ್ಕಿದ್ದ ಅದೇ ಪಂಕ್ತಿಯ ಮುಂದೆ, "ಹ್ವಾದ ವಾರದ ತಪ್ಪು ನಂದು. ಈಕಿ ಜೋಡಿ ಇದ್ದಾಕಿನ್ನ ಕರಕೊಂಡು ಹೋದಾಂವ ನಾನ" ಎಂದರು. "ಸಂಗವ್ವಾ, ಮುಂದಿನ ಸೋಮಾರ ಬರ್ತೀಯಿಲ್ಲೊ?"

"ಮೊದಲ ಎಲಿ ಖಾಲಿ ಮಾಡ್ರಿ. ಆಮ್ಯಾಲ ನೋಡೂಣು," ಎಂದರು ಸಂಗವ್ವನವರು. ಆದರೆ ಸೋಮವಾರ ಬಂದರು.

ಅಂದಿನಿಂದ ದೇಸಾಯರು ಮಠಕ್ಕೆ ಬಂದರೆ ಮೊದಲು ಅಡಿಗೆಮನೆಗೆ ಹೋಗಿ, ಅಲ್ಲಿ ದುಡಿಯುವವರನ್ನು ಮಾತಾಡಿಸಿ, ಆನಂತರವೇ ದರ್ಶನಕ್ಕೆ ಬರುತ್ತಿದ್ದರು. ಇದು ಗುರುವಿಗೆ ಅಗೌರವವೆಂದು ಪಂಕ್ತಿಯಲ್ಲಿ ಉಣ್ಣುವವರೊಬ್ಬರು ಸ್ವಾಮಿಗಳ ಬಳಿ ದೂರಿದರು.

"ನನ್ನ ಕಡೆ ಬರೂ ಹಾದಿ ಅಡಿಗಿಮನಿ ಒಳಗಿಂದನ ಐತಿ," ಎಂದರು ಪೂಜ್ಯರು. "ಏಳು. ನೀನೂ ಆ ಕಡಿಂದ ಬಾ."