ದಾನಮ್ಮನ ಪ್ರಶ್ನೆ

ಮಲಪ್ರಭೆಯ ದಡದ ಒಂದು ಆಶ್ರಮದಲ್ಲಿ ಮಹಾಂತಯ್ಯ ಎಂಬ ಗುರುಗಳು ಹಳಗನ್ನಡ ಕಾವ್ಯ ಹೇಳಿಕೊಡುತ್ತಿದ್ದರು. ಅವರ ಶಿಷ್ಯ ಗದಿಗೆಪ್ಪ ಆ ಕಾವ್ಯಗಳಿಗೆಂದೇ ಒಂದು ಜಾಲತಾಣ ಕಟ್ಟಿದ. ಪದ್ಯದ ಯಾವ ಪದದ ಮೇಲೆ ಬೆರಳಿಟ್ಟರೂ ಅದು ಸಂಧಿ ಬಿಡಿಸಿ ಅರ್ಥ ತೋರಿಸುತ್ತಿತ್ತು. ತಿಳಿಯದಿದ್ದರೆ ಓದುಗರು ಅಲ್ಲೇ ಗುರುಗಳಿಗೆ ಪ್ರಶ್ನೆ ಬರೆಯಬಹುದಿತ್ತು.

ಮೊದಲು ಬರೆದವಳು ಇಂಡಿ ಊರ ಕಡೆಯ ದಾನಮ್ಮ.

'ಈ ರಾಜ ಇಷ್ಟು ಯುದ್ಧ ಮಾಡ್ತಾನ, ಇಷ್ಟು ಅಳ್ತಾನ. ಊಟ ಮಾಡೋದು ಯಾವಾಗ್ರಿ?'

ಗದಿಗೆಪ್ಪ ಮುಖ ಸಿಂಡರಿಸಿಕೊಂಡೇ ಓದಿ ಹೇಳಿದ. ಗುರುಗಳು ಬಿದ್ದು ಬಿದ್ದು ನಕ್ಕರು.

"ಹೌದಲ್ಲೋ! ಇಷ್ಟು ವರ್ಷ ಪಾಠ ಹೇಳಿದೆ, ನನಗೇ ಇದು ಹೊಳೆದಿರಲಿಲ್ಲ."

ಅಂದಿನಿಂದ ಬೆಳಗಿನ ಪಾಠ ಮುಗಿದ ಕೂಡಲೇ ಅವರ ಮೊದಲ ಮಾತು ಒಂದೇ.

"ದಾನಮ್ಮ ಏನು ಕೇಳಿದ್ದಾಳೆ?"

ಗದಿಗೆಪ್ಪನಿಗೆ ಇದು ಸೇರುತ್ತಿರಲಿಲ್ಲ. ಅವರ ಧೋತರ ಒಗೆಯುತ್ತಿದ್ದವನು ತಾನು. ಅವರ ಕಣ್ಣು ಮಂಜಾದ ಮೇಲೆ ಕೈಹಿಡಿದು ಹೊಳೆಗೆ ಕರೆದೊಯ್ಯುತ್ತಿದ್ದವನೂ ತಾನೇ. ತನ್ನ ಮಾತಿಗೆ ಅವರು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಈಗ ಮುಖವೇ ಕಾಣದ ಯಾರೋ ತಾನು ಕಟ್ಟಿದ ತಾಣದಿಂದಲೇ ಒಳಗೆ ಬಂದು, ಗುರುಗಳ ಪಕ್ಕದಲ್ಲಿ ಕೂತುಬಿಟ್ಟಿದ್ದಳು.

ಒಂದು ಮಧ್ಯಾಹ್ನ ಅವಳ ಹೆಸರಿಗೆ ತಡೆ ಹಾಕಿದ. ಅವಳು ಬರೆದದ್ದೆಲ್ಲ ಇನ್ನು ಅವನೊಬ್ಬನಿಗೇ ಕಾಣುತ್ತಿತ್ತು. ಅವಳಿಗೆ ಉತ್ತರ ಹೋಗುತ್ತಿರಲಿಲ್ಲ.

ಮರುದಿನ ಗುರುಗಳು ಕೇಳಿದರು. "ದಾನಮ್ಮ?"

"ಏನೂ ಬರೆದಿಲ್ಲ, ಗುರುಗಳೆ."

"ಆರಾಮ ಇದ್ದಾಳೋ ಇಲ್ಲವೋ." ಗುರುಗಳು ಅವನ ಕಡೆ ತಿರುಗಿದರು. "ಇರಲಿ. ಇವತ್ತು ನೀನು ಕೇಳು."

ಗದಿಗೆಪ್ಪ ಕಾದಿದ್ದು ಇದಕ್ಕೇ. ಬಾಯಿ ತೆರೆದ. ಕೇಳಲು ಏನೂ ಇರಲಿಲ್ಲ. ಎಲ್ಲ ಪದಗಳ ಅರ್ಥವನ್ನೂ ತಾಣಕ್ಕೆ ತುಂಬಿದವನು ಅವನೇ ಅಲ್ಲವೆ!

ದಿನಗಳು ಹಾಗೇ ಕಳೆದವು. ಗುರುಗಳು ದಿನವೂ ಎದುರಿಗೆ ಕೂರುತ್ತಿದ್ದರು, ಕಾಯುತ್ತಿದ್ದರು, ಎದ್ದು ಹೋಗುತ್ತಿದ್ದರು. ಬಯಸಿ ಪಡೆದ ಹೊತ್ತು ಅವನಿಗೇ ಭಾರವಾಯಿತು.

ಕೊನೆಗೆ ಮನಸ್ಸು ತಡೆಯದೆ ದಾನಮ್ಮ ಬರೆದದ್ದನ್ನು ತೆರೆದು ನೋಡಿದ.

'ಕೂರ್ ಅಂದ್ರ ಪ್ರೀತಿಸು ಅಂತ ತೋರಸ್ತದ. ಕೆಳಗ ಹರಿತ ಅಂತನೂ ತೋರಸ್ತದ. ಒಂದೇ ಮಾತು ಎರಡೂ ಹೆಂಗ ಆದೀತ್ರಿ?'

ಆ ಎರಡು ಅರ್ಥಗಳನ್ನು ಒಂದರ ಕೆಳಗೊಂದು ಬರೆದಿದ್ದವನು ಗದಿಗೆಪ್ಪನೇ. ಆಗ ಅವನ ಕೈ ಒಂದು ಗಳಿಗೆಯೂ ನಿಂತಿರಲಿಲ್ಲ. ಈಗ ಎಷ್ಟು ಯೋಚಿಸಿದರೂ ಉತ್ತರ ಹೊಳೆಯಲಿಲ್ಲ.

ಬೆಳಿಗ್ಗೆ ಅದನ್ನು ತನ್ನದೇ ಪ್ರಶ್ನೆಯೆಂಬಂತೆ ಗುರುಗಳ ಮುಂದಿಟ್ಟ.

ಗುರುಗಳ ಮುಖ ಅರಳಿತು. ಹತ್ತಿರ ಸರಿದು ಕೂತರು.

"ನಿನಗೆ ಯಾರನ್ನು ಕಂಡರೆ ಪ್ರೀತಿ?"

"ನಿಮ್ಮನ್ನು ಕಂಡರೆ."

"ಅದು ಎಲ್ಲಿ ಕೊಯ್ಯುತ್ತಿದೆ?"

ಗದಿಗೆಪ್ಪ ತಲೆ ತಗ್ಗಿಸಿದ. ಕಣ್ಣು ತುಂಬಿ ಬಂತು. ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಉತ್ತರ ಸಿಕ್ಕಿತೇ?"

"ಸಿಕ್ಕಿತು, ಗುರುಗಳೆ."

"ಹಾಗಾದರೆ ಏಳು. ಕೇಳಿದವಳಿಗೆ ತಲುಪಿಸು."