ಬಾಗಿಲಲ್ಲಿ ಉಳಿದ ಏಡಿ

"ನೀವು ಬಾಗಿಲಲ್ಲೇ ಇರಿ, ನಾನು ಒಳಗೆ ನೋಡಿ ಬರ್ತೇನೆ" ಅಂದಳು ಹೆಂಡತಿ. ಮುದಿ ಏಡಿ ಹೊರಗೇ ನಿಂತ. ಸತ್ತ ಶಂಖದ ಚಿಪ್ಪಿನೊಳಗೆ ಬದುಕುವ ಜಾತಿ ಅವರದ್ದು. ಕಾರ್ಖಾನೆಯ ನೀರು ಬಿದ್ದು ಬಿದ್ದು ಆ ಕೊಲ್ಲಿಯಲ್ಲಿ ಶಂಖ ಹುಟ್ಟುವುದೇ ನಿಂತಿತ್ತು. ಅವಳ ಮೈಗೆ ಹಳೆಯ ಚಿಪ್ಪು ಸಾಲುತ್ತಿರಲಿಲ್ಲ. ಸಿಕ್ಕಿದ್ದು ದಡದ ಮರಳಲ್ಲಿ ಬಾಯಿ ಮೇಲಾಗಿ ಓರೆಯಾಗಿ ಹೂತಿದ್ದ ಒಂದು ಪ್ಲಾಸ್ಟಿಕ್ ಬಾಟಲಿ. ಒಳಗೆ ಕಾಲು ಜಾರಿತು, ಹತ್ತಿ ಬರಲಾಗಲಿಲ್ಲ. ಎರಡು ದಿನದ ಬಿಸಿಲಿಗೆ ಬೆಂದುಹೋದಳು.

"ಕೊಂದೆಯಲ್ಲ ಅವಳನ್ನು" ಅಂದ ಏಡಿ.

"ನಾನು ಯಾರನ್ನೂ ಕರೆದಿಲ್ಲ. ಬಾಯಿ ತೆರೆದು ಬಿದ್ದಿದ್ದೇನೆ, ಅಷ್ಟೆ" ಅಂದಿತು ಬಾಟಲಿ.

ಸಾವಿನ ವಾಸನೆ ಬಂತೆಂದರೆ ಆ ಜಾತಿಗೆ ಎಲ್ಲೋ ಒಂದು ಮನೆ ಖಾಲಿಯಾಯಿತು ಅಂತ ಅರ್ಥ. ಸಂಜೆಗೆ ನೆರೆಹೊರೆಯವರು ಓಡಿ ಬಂದರು.

"ಹೋಗಬೇಡಿ, ಅದು ಮನೆಯಲ್ಲ" ಅಂದ.

"ಹೆಂಡತಿ ಹೋದಳು. ಇಷ್ಟು ದೊಡ್ಡ ಮನೆ ನಿನಗೊಬ್ಬನಿಗೇ ಬೇಕಾ ಅಜ್ಜ?" ಅಂತ ನಕ್ಕರು. ಏಳು ಜನ ಒಳಗೆ ಹೋದರು. ಒಬ್ಬರೂ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ, ಆ ವಾಸನೆಗೆ ಇನ್ನಷ್ಟು ಏಡಿಗಳು ಬರುವ ಮೊದಲೇ, ಅವನು ಹಿಂದೆ ಹಿಂದೆ ಸರಿದು ತನ್ನ ಚಿಪ್ಪನ್ನು ಬಾಟಲಿಯ ಬಾಯಿಗೆ ಗಟ್ಟಿಯಾಗಿ ಸಿಕ್ಕಿಸಿದ. ಇನ್ನು ಬಿಡಿಸಿಕೊಳ್ಳುವಂತಿರಲಿಲ್ಲ. ಅವಳು ಹೇಳಿದ ಹಾಗೆ ಬಾಗಿಲಲ್ಲೇ ಉಳಿದ.